ಮದ್ದಿನ ಬರವೂ ಮಿತದ ಬಾರೂ

ಯುದ್ಧಗಳ ಚರಿತ್ರೆಯನ್ನು ಓದುವವರ ದೃಷ್ಟಿಯು ಸಾಮಾನ್ಯವಾಗಿ ಸೇನಾಪತಿಗಳ ಹೆಸರುಗಳ ಮೇಲೂ ಕೋಟೆಕೊತ್ತಲಗಳ ಮೇಲೂ ಸಂಧಿಪತ್ರಗಳ ತಾರೀಖುಗಳ ಮೇಲೂ ನಿಲ್ಲುವುದು. ಉಗ್ರಾಣದ ಲೆಕ್ಕದ ಪುಸ್ತಕವನ್ನು ತೆರೆದು ನೋಡುವವರು ವಿರಳ. ಆದರೆ ಮದುವೆಮನೆಯ ವೈಭವವು ಹೇಗೆ ಅಡಿಗೆಮನೆಯ ಅಕ್ಕಿಬೇಳೆಗಳನ್ನು ನಂಬಿರುವುದೋ ಹಾಗೆಯೇ ರಣರಂಗದ ಶೌರ್ಯವು ಉಗ್ರಾಣದ ಪೀಪಾಯಿಗಳನ್ನು ನಂಬಿರುವುದು. ಮದ್ದು ಮುಗಿದ ಮೇಲೆ ಮಹಾಶೂರನ ಕೈಯಲ್ಲಿರುವ ಕೋವಿಯೂ ಒಂದು ದೊಣ್ಣೆಯೇ ಸರಿ. ಕೋವಿಯಲ್ಲಿ ಒಂದು ಸಲಕ್ಕೆ ತುಂಬುವ ಮದ್ದುಗುಂಡಿಗೆ ನಮ್ಮ ಜನರು ಬಾರು ಎಂದು ಹೆಸರಿಟ್ಟಿದ್ದಾರೆ. ಈ ಬಾರಿನ ಪ್ರಮಾಣವೆಷ್ಟು, ಅದನ್ನು ಎಷ್ಟು ಕಡಿಮೆ ಮಾಡಬಹುದು, ಮದ್ದಿಗೆ ಬರ ಬಂದಾಗ ಜನರು ಏನು ಮಾಡಿದರು ಎಂಬ ವಿಷಯವು ಮೇಲ್ನೋಟಕ್ಕೆ ಅಲ್ಪವಾಗಿ ಕಂಡರೂ, ರಾಜ್ಯಗಳ ಏಳುಬೀಳುಗಳು ಅದರಲ್ಲಿ ಅಡಗಿವೆ ಎಂಬುದನ್ನು ಈ ಲೇಖನದಲ್ಲಿ ವಾಚಕರಿಗೆ ನಿವೇದಿಸಲು ಯತ್ನಿಸುತ್ತೇನೆ.

ಹಳೆಯ ಕರಿಮದ್ದಿನಲ್ಲಿ ಮೂರು ವಸ್ತುಗಳಿದ್ದುವು: ಪೆಟ್ಲುಪ್ಪು, ಗಂಧಕ, ಇದ್ದಿಲು. ಇವುಗಳಲ್ಲಿ ಇದ್ದಿಲು ಎಲ್ಲ ದೇಶಗಳಲ್ಲಿಯೂ ದೊರೆಯುವುದು. ಗಂಧಕವು ಅಲ್ಪಪ್ರಮಾಣದಲ್ಲಿ ಸಾಕು. ಮಿಶ್ರಣದ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪೇ ಆಗಿರುವುದರಿಂದ ಮದ್ದಿನ ಬರವೆಂದರೆ ವಾಸ್ತವವಾಗಿ ಪೆಟ್ಲುಪ್ಪಿನ ಬರ. ಶುಕ್ರನೀತಿಯಲ್ಲಿ ಅಗ್ನಿಚೂರ್ಣವನ್ನು ಹೇಳುವಾಗ ಸುವರ್ಚಿಲವಣವೆಂದು ಕರೆದಿರುವುದು ಇದನ್ನೇ. ಆ ಭಾಗವು ಬಹಳ ಈಚಿನದೆಂದು ವಿದ್ವಾಂಸರು ಅಭಿಪ್ರಾಯಪಡುವುದರಿಂದ, ಅದನ್ನು ನೆಚ್ಚಿಕೊಂಡು ನಮ್ಮ ಪ್ರಾಚೀನರ ಬಳಿ ಕೋವಿಗಳಿದ್ದುವೆಂದು ಸಾಧಿಸಹೊರಡುವುದು ಯುಕ್ತವಲ್ಲ. ಆದರೆ ಪೆಟ್ಲುಪ್ಪಿನ ವಿಷಯದಲ್ಲಿ ಭರತಖಂಡಕ್ಕೆ ಅಗ್ರಸ್ಥಾನವಿದ್ದುದು ಮಾತ್ರ ನಿಸ್ಸಂದೇಹ. ಅದಕ್ಕೆ ಗ್ರಂಥಪ್ರಮಾಣವೇ ಬೇಕಾಗಿಲ್ಲ, ವರ್ತಕರ ಲೆಕ್ಕಪತ್ರಗಳೇ ಸಾಕು.

ಬಿಹಾರದ ಹಳ್ಳಿಗಳ ಸುತ್ತಣ ನೆಲವು ದನಕರುಗಳ ಗಂಜಲದಿಂದಲೂ ಒಲೆಯ ಬೂದಿಯಿಂದಲೂ ತುಂಬಿದ್ದು, ಮಳೆಗಾಲ ಕಳೆದು ನೆಲ ಒಣಗುತ್ತಲೇ ಅದರ ಮೇಲೆ ಬಿಳಿಯ ಉಪ್ಪು ಅರಳುವುದು. ನೋನಿಯಾ ಎಂಬ ಜಾತಿಯ ಬಡಜನರು ಆ ಮಣ್ಣನ್ನು ಕೆರೆದು ತಂದು, ನೀರಿನಲ್ಲಿ ಕದಡಿ ಸೋಸಿ, ಆ ನೀರನ್ನು ಕಾಯಿಸಿ ಪೆಟ್ಲುಪ್ಪನ್ನು ತೆಗೆಯುತ್ತಿದ್ದರು. ಪಾಟ್ನಾದಿಂದ ದೋಣಿಗಳ ಮೂಲಕ ಗಂಗೆಯ ಮೇಲೆ ಇಳಿದು ಬಂದ ಆ ಉಪ್ಪು ಹಡಗುಗಳ ತಳದಲ್ಲಿ ಭಾರವಾಗಿ ಕುಳಿತು ಲಂಡನ್ನಿಗೆ ಹೋಗುತ್ತಿತ್ತು. ಇಂಗ್ಲೆಂಡಿನ ದೊರೆಗಳಿಗೆ ಇದಕ್ಕೆ ಮುಂಚೆ ಈ ಸೌಕರ್ಯವಿರಲಿಲ್ಲ. ಅಲ್ಲಿ ಅರಸನ ಅಧಿಕಾರಿಗಳು ಪ್ರಜೆಗಳ ಕೊಟ್ಟಿಗೆ ಪಾರಿವಾಳದ ಗೂಡುಗಳ ನೆಲವನ್ನು ಅಗೆದು ಮಣ್ಣನ್ನು ಒಯ್ಯುತ್ತಿದ್ದರು. 1626ರಲ್ಲಿ ಮೊದಲನೆಯ ಚಾರಲ್ಸ್ ದೊರೆಯು ಜನರು ತಮ್ಮ ಮೂತ್ರವನ್ನೂ ದನಗಳ ಗಂಜಲವನ್ನೂ ಕೂಡಿಟ್ಟು ಒಪ್ಪಿಸಬೇಕೆಂದು ಘೋಷಣೆಯನ್ನೇ ಹೊರಡಿಸಿದನು. ಇಂಡಿಯಾದ ಉಪ್ಪು ಧಾರಾಳವಾಗಿ ಬರತೊಡಗಿದ ಮೇಲೆ ಆ ಪೀಡೆ ಅಡಗಿತು. ಪ್ಲಾಸಿಯ ಕಾಳಗವಾದ ಮರುವರ್ಷವೇ, ಅಂದರೆ 1758ರಲ್ಲಿ, ಕುಂಪಣಿಯವರು ಮೀರ್ ಜಾಫರನಿಂದ ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯವನ್ನು ಪಡೆದುಕೊಂಡರು. ಅಂದಿನಿಂದ ಇಂಗ್ಲಿಷರ ಮದ್ದಿನ ಮನೆಯ ಬೀಗದ ಕೈ ಗಂಗಾತೀರದಲ್ಲಿತ್ತು. ಅವರ ಶತ್ರುಗಳಿಗೆ ಬರ ಪ್ರಾಪ್ತವಾಯಿತು.

ಈ ಬರವನ್ನು ಅತ್ಯಂತ ಕಠಿನವಾಗಿ ಅನುಭವಿಸಿದವರು ಅಮೆರಿಕದ ವಸಾಹತುಗಳ ಜನರು. ಅವರು ತಾಯ್ನಾಡಿನ ಮೇಲೆ ಮುನಿದು ನಿಂತಾಗ, 1774ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ದೊರೆಯು ಆ ದೇಶಕ್ಕೆ ಮದ್ದನ್ನೂ ಆಯುಧಗಳನ್ನೂ ಕಳುಹಿಸಕೂಡದೆಂದು ನಿಷೇಧಿಸಿದನು. ಅದಕ್ಕೆ ಮುಂಚಿನ ತಿಂಗಳಲ್ಲಿಯೇ ಬಾಸ್ಟನ್ನಿನ ಅಧಿಪತಿಯಾದ ಗೇಜನು ಸಮೀಪದ ಮದ್ದಿನ ಮನೆಯಲ್ಲಿದ್ದ ಪೀಪಾಯಿಗಳನ್ನು ಬೆಳಗಿನ ಹೊತ್ತಿನಲ್ಲಿ ಸದ್ದಿಲ್ಲದೆ ಸಾಗಿಸಿಬಿಟ್ಟಿದ್ದನು. 1775ರ ಏಪ್ರಿಲ್ 19ರಂದು ಕಾಂಕರ್ಡಿನ ದಾರಿಯಲ್ಲಿ ಮೊದಲ ಗುಂಡು ಹಾರಿದುದೂ ಅಲ್ಲಿ ಬಚ್ಚಿಟ್ಟಿದ್ದ ಯುದ್ಧಸಾಮಗ್ರಿಗಳಿಗಾಗಿಯೇ. ಸ್ವಾತಂತ್ರ್ಯದ ತತ್ತ್ವಗಳನ್ನು ಕುರಿತು ಆ ಕಾಲದಲ್ಲಿ ನಡೆದ ವಾಗ್ವಾದಗಳು ಪ್ರಸಿದ್ಧವಾಗಿವೆ. ಆದರೆ ಯುದ್ಧವು ಆರಂಭವಾದುದು ಉಗ್ರಾಣದ ಬಾಗಿಲಲ್ಲಿ ಎಂಬುದನ್ನು ಮರೆಯಲಾಗದು.

ಆ ವರ್ಷದ ಜೂನ್ 17ರಂದು ಬಂಕರ್ ಹಿಲ್ ಎಂಬ ಹೆಸರಿನಿಂದ ಖ್ಯಾತವಾದ ಕಾಳಗವು ನಡೆಯಿತು. ಗುಡ್ಡದ ಮೇಲೆ ಮಣ್ಣಿನ ಗೋಡೆಯನ್ನು ಎಬ್ಬಿಸಿ ಕುಳಿತವರು ರೈತರೂ ಕಮ್ಮಾರರೂ ಅಂಗಡಿಯವರೂ ಆಗಿದ್ದರು. ಅವರ ಕೋವಿಗಳು ಒಂದೇ ಅಚ್ಚಿನವಲ್ಲ. ಒಬ್ಬೊಬ್ಬನ ಕೋವಿಯ ಬಾಯಿ ಒಂದೊಂದು ಅಳತೆ. ಆದುದರಿಂದ ಅನೇಕರು ತಮ್ಮ ಗುಂಡುಗಳನ್ನು ತಾವೇ ಎರಕ ಹೊಯ್ದು, ಕೊಂಬಿನಲ್ಲಿ ತಂದ ಮದ್ದನ್ನು ತಾವೇ ಅಳೆದು ಬಾರು ಮಾಡುತ್ತಿದ್ದರು. ಶತ್ರುವು ಸಮೀಪಕ್ಕೆ ಬರುವವರೆಗೂ ಒಂದು ಗುಂಡೂ ಹಾರಕೂಡದೆಂಬ ಆಜ್ಞೆಯಿತ್ತು. ಶತ್ರುವಿನ ಕಣ್ಣಿನ ಬಿಳುಪು ಕಾಣುವವರೆಗೆ ಕಾಯಿರಿ ಎಂಬ ಮಾತು ಅಂದಿನದೆಂದು ಪ್ರಸಿದ್ಧಿ ಇದೆ. ಅದನ್ನು ಆಡಿದವರು ಯಾರು, ನಿಜವಾಗಿ ಆಡಿದರೇ ಎಂಬುದರಲ್ಲಿ ಚರಿತ್ರಕಾರರಿಗೆ ಐಕಮತ್ಯವಿಲ್ಲ. ಮಾತು ಯಾರದೇ ಆಗಿರಲಿ, ಅದರ ಹಿಂದಿದ್ದುದು ಸಾಹಸವೊಂದೇ ಅಲ್ಲ, ಜಿಪುಣತನವೂ ಹೌದು. ದೂರದಿಂದ ಹಾರಿಸಿದ ಗುಂಡು ವ್ಯರ್ಥವಾಗುವುದು. ವ್ಯರ್ಥಮಾಡಲು ಅವರಲ್ಲಿ ಮದ್ದೇ ಇರಲಿಲ್ಲ.

ಇಂಗ್ಲಿಷ್ ಸೇನೆಯು ಎರಡು ಸಲ ಏರಿ ಬಂದು ಎರಡು ಸಲವೂ ಹಿಮ್ಮೆಟ್ಟಿತು. ಮೂರನೆಯ ಸಲ ಏರಿ ಬರುವ ಹೊತ್ತಿಗೆ ಗುಡ್ಡದ ಮೇಲಿದ್ದವರ ಕೊಂಬುಗಳು ಬರಿದಾಗಿದ್ದುವು. ಆಗ ಅವರ ನಾಯಕನಾದ ಪ್ರೆಸ್ಕಾಟನು ಫಿರಂಗಿಗಾಗಿ ಇಟ್ಟಿದ್ದ ಕೆಲವು ಮದ್ದಿನ ಚೀಲಗಳನ್ನು ಬಿಚ್ಚಿಸಿ, ಅದರೊಳಗಿನ ಮದ್ದನ್ನು ಸೈನಿಕರಿಗೆ ಹಂಚಿಸಿದನು. ದೇವಸ್ಥಾನದಲ್ಲಿ ತೀರ್ಥವನ್ನು ಹಂಚುವಂತೆ, ಕೈಗೆ ಬಂದಷ್ಟು! ಅದೂ ಮುಗಿದ ಮೇಲೆ, ಬಹುಮಂದಿಗೆ ಕೋವಿಯ ತುದಿಗೆ ಸಿಕ್ಕಿಸುವ ಕತ್ತಿಯೂ ಇಲ್ಲದ್ದರಿಂದ, ಕೋವಿಯ ಹಿಡಿಯಿಂದ ಬಡಿದಾಡುತ್ತ ಹಿಂದಕ್ಕೆ ಸರಿದರು. ಗುಡ್ಡವು ಇಂಗ್ಲಿಷರ ವಶವಾಯಿತು. ಆದರೆ ಅವರಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ 1,054 ಮಂದಿ. ಗೆದ್ದವರಿಗೆ ಹೀಗಾದರೆ ಸೋತವರ ನಷ್ಟವು ಸುಮಾರು 450. ಆ ದಿನ ಸೋಲನ್ನು ತಂದುದು ಮದ್ದಿನ ಬರ. ಆ ಸೋಲಿಗೂ ಗೌರವವನ್ನು ತಂದುದು ಮದ್ದಿನ ಮಿತವ್ಯಯ.

ಇದಾದ ಕೆಲವು ದಿನಗಳಲ್ಲಿ ಜಾರ್ಜ್ ವಾಷಿಂಗ್ಟನ್ ಸೇನಾಧಿಪತ್ಯವನ್ನು ವಹಿಸಿಕೊಂಡನು. ಉಗ್ರಾಣದಲ್ಲಿ 300ಕ್ಕೂ ಹೆಚ್ಚು ಪೀಪಾಯಿ ಮದ್ದು ಇದೆಯೆಂದು ಅವನಿಗೆ ತಿಳಿಸಿದ್ದರು. ಆಗಸ್ಟ್ 3ರಂದು ಸರಿಯಾಗಿ ಲೆಕ್ಕಮಾಡಿದಾಗ ಇದ್ದುದು ಕೇವಲ 36 ಪೀಪಾಯಿ. ತಲೆಗೆ 9 ಬಾರಿಗಿಂತ ಹೆಚ್ಚಿಲ್ಲ. ಹಿಂದೆ ಬಂದು ಖರ್ಚಾಗಿಹೋದುದನ್ನೂ ಕೂಡಿಸಿ ಬರೆದಿದ್ದುದೇ ಈ ಪ್ರಮಾದಕ್ಕೆ ಕಾರಣ. ಈ ಸುದ್ದಿಯನ್ನು ಕೇಳಿ ವಾಷಿಂಗ್ಟನ್ ಅರ್ಧ ಗಂಟೆಯ ಕಾಲ ಒಂದು ಮಾತನ್ನೂ ಆಡದೆ ಕುಳಿತನೆಂದು ಅಲ್ಲಿದ್ದ ಸಲಿವನ್ ಎಂಬ ಸೇನಾನಿಯು ಬರೆದಿಟ್ಟಿದ್ದಾನೆ. ಆ ಮೌನದ ನಂತರ ಅವನು ಮಾಡಿದುದು ಎರಡು ಕೆಲಸ: ಮದ್ದಿಗಾಗಿ ಎಲ್ಲ ದಿಕ್ಕುಗಳಿಗೂ ಗುಪ್ತವಾಗಿ ಪತ್ರಗಳನ್ನು ಬರೆಸಿದನು, ಬೀಡಿನಲ್ಲಿ ವಿನೋದಕ್ಕಾಗಿ ಕೋವಿ ಹಾರಿಸುವವರನ್ನು ಕಟುವಾದ ಆಜ್ಞೆಯಿಂದ ತಡೆದನು. ತಿಂಗಳುಗಟ್ಟಲೆ ಆ ಸೇನೆಯು ಬರಿಯ ಉಗ್ರಾಣವನ್ನು ಬೆನ್ನಿಗಿಟ್ಟುಕೊಂಡು ಬಾಸ್ಟನ್ನನ್ನು ಮುತ್ತಿತ್ತು. ಒಳಗಿದ್ದ ಇಂಗ್ಲಿಷರಿಗೆ ಈ ಗುಟ್ಟು ನಿಶ್ಚಯವಾಗಿದ್ದರೆ ಚರಿತ್ರೆಯ ಗತಿಯು ಬೇರೆಯಾಗುತ್ತಿತ್ತು. ಕಡೆಗೆ ದೂರದ ಟೈಕಾಂಡರೋಗ ಕೋಟೆಯಿಂದ ಹಿಮದ ಮೇಲೆ ಎಳೆದು ತಂದ ಫಿರಂಗಿಗಳಲ್ಲಿ ಕೆಲವನ್ನು 1776ರ ಮಾರ್ಚಿಯಲ್ಲಿ ಒಂದೇ ರಾತ್ರಿಯಲ್ಲಿ ದಿಬ್ಬದ ಮೇಲೆ ಏರಿಸಿ ನಿಲ್ಲಿಸಿದಾಗ, ಇಂಗ್ಲಿಷರು ಅದೇ ತಿಂಗಳ 17ರಂದು ಊರನ್ನು ಬಿಟ್ಟು ಹೊರಟರು. ಆ ದಿಬ್ಬದ ಫಿರಂಗಿಗಳು ಹಾರಿಸಿದುದಕ್ಕಿಂತ ಬೆದರಿಸಿದುದೇ ಹೆಚ್ಚು.

ಬರದ ಕಾಲದಲ್ಲಿ ಬುದ್ಧಿಯು ನಾನಾ ದಾರಿಗಳನ್ನು ಹುಡುಕುವುದು. ಪ್ರಾಜ್ಞನಾದ ಬೆಂಜಮಿನ್ ಫ್ರಾಂಕ್ಲಿನ್ 1776ರ ಫೆಬ್ರವರಿಯಲ್ಲಿ ಬರೆದ ಪತ್ರವೊಂದರಲ್ಲಿ, ಮದ್ದಿಲ್ಲದಿದ್ದರೆ ಭಲ್ಲೆಗಳನ್ನೂ ಬಿಲ್ಲುಬಾಣಗಳನ್ನೂ ಹಿಡಿಯಬಹುದೆಂದು ಗಂಭೀರವಾಗಿಯೇ ಸೂಚಿಸಿದನು. ವಸಾಹತುಗಳ ಮಹಾಸಭೆಯು ಪೆಟ್ಲುಪ್ಪನ್ನು ಮನೆಮನೆಯಲ್ಲಿ ತಯಾರಿಸುವ ಕ್ರಮವನ್ನು ಅಚ್ಚುಹಾಕಿಸಿ ಹಂಚಿಸಿತು. ನ್ಯೂಯಾರ್ಕಿನಲ್ಲಿದ್ದ ಮೂರನೆಯ ಜಾರ್ಜ್ ದೊರೆಯ ಸೀಸದ ಪ್ರತಿಮೆಯನ್ನು ಜನರು 1776ರ ಜುಲೈ 9ರಂದು ಕೆಡವಿದರು. ಆ ಸೀಸವನ್ನು ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಕರಗಿಸಿ 42,088 ಗುಂಡುಗಳನ್ನು ಎರಕಹೊಯ್ದರು. ಆದರೆ ಗುಂಡಿಗೆ ಪ್ರತಿಮೆ ಸಿಕ್ಕಿತೆಂದು ಮದ್ದಿಗೂ ಸಿಕ್ಕೀತೇ? ಮೊದಲ ಎರಡೂವರೆ ವರ್ಷಗಳಲ್ಲಿ ಅವರು ಬಳಸಿದ ಮದ್ದಿನಲ್ಲಿ ಶೇಕಡಾ 90ಕ್ಕೂ ಹೆಚ್ಚಿನದು, ಸಿದ್ಧಮದ್ದಾಗಿಯೋ ಪೆಟ್ಲುಪ್ಪಾಗಿಯೋ, ಹೊರದೇಶಗಳಿಂದಲೇ ಬಂದುದು. ಮಿತವ್ಯಯವು ಅವರನ್ನು ಬದುಕಿಸಿಟ್ಟಿತು. ಗೆಲ್ಲಿಸಲು ಪರರ ಸಹಾಯ ಬೇಕಾಯಿತು. ಮಿತವ್ಯಯವನ್ನು ಹೊಗಳುವ ಉತ್ಸಾಹದಲ್ಲಿ ಈ ಎರಡನೆಯ ಮಾತನ್ನು ಮರೆಮಾಡುವುದು ನ್ಯಾಯವಲ್ಲ.

ಆ ಸಹಾಯದಲ್ಲಿ ಬಹುಭಾಗವು ಫ್ರಾನ್ಸಿನದು. 1756ರಿಂದ 1763ರವರೆಗೆ ನಡೆದ ಯುದ್ಧದಲ್ಲಿ ಇಂಡಿಯಾದ ಉಪ್ಪು ಕೈತಪ್ಪಿ ಫ್ರೆಂಚರು ಬಹಳ ಬವಣೆಪಟ್ಟಿದ್ದರು. ಅದರಿಂದ ಪಾಠ ಕಲಿತು, 1775ರಲ್ಲಿ ಮದ್ದಿನ ಇಲಾಖೆಯನ್ನು ಹೊಸದಾಗಿ ಕಟ್ಟಿ, ಅದರ ನಾಲ್ವರು ಅಧಿಕಾರಿಗಳಲ್ಲಿ ಒಬ್ಬನನ್ನಾಗಿ ರಸಾಯನಶಾಸ್ತ್ರಜ್ಞ ಲಾವಾಸಿಯೇಯನ್ನು ನೇಮಿಸಿದರು. ಅವನ ಆಡಳಿತದಲ್ಲಿ ಫ್ರೆಂಚ್ ಮದ್ದು ಗುಣದಲ್ಲಿಯೂ ಮೊತ್ತದಲ್ಲಿಯೂ ಹೆಚ್ಚಿತು. ಅಮೆರಿಕದ ಸ್ವಾತಂತ್ರ್ಯಕ್ಕೆ ಈ ಮದ್ದೇ ಕಾರಣವೆಂದು ಹೇಳುವಷ್ಟು ಅಭಿಮಾನ ಅವನಿಗಿತ್ತು. ಮುಂದೆ ಕ್ರಾಂತಿಯಾಗಿ ಫ್ರಾನ್ಸಿನ ಸುತ್ತಲೂ ಶತ್ರುಗಳು ಕವಿದಾಗ, 1793ರ ಡಿಸೆಂಬರಿನಲ್ಲಿ ಪ್ರತಿಯೊಬ್ಬ ಪೌರನೂ ತನ್ನ ನೆಲಮಾಳಿಗೆಯ ಮಣ್ಣನ್ನು ತೊಳೆದು ಪೆಟ್ಲುಪ್ಪನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಿತು. ಆ ಶಾಸ್ತ್ರವನ್ನು ಬೆಳೆಸಿದ ಲಾವಾಸಿಯೇ ಆಗ ಸೆರೆಮನೆಯಲ್ಲಿದ್ದನು. ಹಿಂದೆ ತೆರಿಗೆಯ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದುದೇ ಅಪರಾಧವಾಗಿ 1794ರ ಮೇ 8ರಂದು ಅವನ ಶಿರಚ್ಛೇದವಾಯಿತು. ಅದೇ ವರ್ಷದ ಆಗಸ್ಟ್ 31ರಂದು, ಆತುರಾತುರವಾಗಿ ಬೆಳೆಸಿದ್ದ ಗ್ರೆನೆಲ್ಲಿನ ಮದ್ದಿನ ಕಾರಖಾನೆಯು ಸಿಡಿದು ಸುಮಾರು ಸಾವಿರ ಮಂದಿ ಮಡಿದರು. ಬರವನ್ನು ನೀಗುವ ಅವಸರವು ಬರಕ್ಕಿಂತ ಕ್ರೂರವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಕನ್ನಡಿಗರಿಗೆ ಪರಿಚಿತವಾದ ಒಂದು ಪ್ರಸಂಗವೂ ಅದೇ ಕಾಲದ್ದು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಲ್ಲಿಲೂರಿನಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೈಲಿಯ ಸೇನೆಯನ್ನು ಸುತ್ತುಗಟ್ಟಿದರು. ಕಾಳಗದ ನಡುವೆ ಬೈಲಿಯ ಮದ್ದಿನ ಬಂಡಿಗಳಿಗೆ ಬೆಂಕಿ ತಗುಲಿ ಸಿಡಿದುವು. ಅದುವರೆಗೆ ಗಟ್ಟಿಯಾಗಿ ನಿಂತಿದ್ದ ಸೇನೆಯ ಬಲವು ಅಲ್ಲಿಗೆ ಮುರಿಯಿತು. ಬೈಲಿಯು ಸೆರೆಸಿಕ್ಕಿ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಪ್ರಾಣಬಿಟ್ಟನು. ಗಂಗಾತೀರದ ಪೆಟ್ಲುಪ್ಪಿನ ಒಡೆಯರಾದ ಕುಂಪಣಿಯವರಿಗೂ ಆ ದಿನದ ಮಟ್ಟಿಗೆ ಮದ್ದಿನ ಬರ ತಪ್ಪಲಿಲ್ಲ. ಉಗ್ರಾಣ ಎಷ್ಟೇ ದೊಡ್ಡದಿರಲಿ, ಕಾದುವವನಿಗೆ ಲೆಕ್ಕ ಸೊಂಟದ ಚೀಲದಲ್ಲಿ ಇದ್ದಷ್ಟೇ.

ಇದುವರೆಗೆ ಹೇಳಿದುದು ಮದ್ದನ್ನು ತರುವ, ಮಾಡುವ, ಕಾಯುವ ಮಾತು. ಇದ್ದ ಮದ್ದಿನಲ್ಲಿಯೇ ಕಡಿಮೆ ಬಳಸಿ ಕಾರ್ಯವನ್ನು ಸಾಧಿಸಬಹುದೇ ಎಂಬ ಪ್ರಶ್ನೆಯು ಉಳಿಯಿತು. ಬರದ ವರ್ಷದಲ್ಲಿ ಜಾಣಗೃಹಿಣಿಯು ಸೇರನ್ನು ಬದಿಗಿಟ್ಟು ಪಾವನ್ನು ಕೈಗೆತ್ತಿಕೊಳ್ಳುವಳು. ಹಸಿವು ಹಿಂಗಲು ನಿಜವಾಗಿ ಎಷ್ಟು ಬೇಕೆಂಬುದು ಆಗಲೇ ಅವಳಿಗೆ ತಿಳಿಯುವುದು. ಕೋವಿಯ ವಿಷಯದಲ್ಲಿ ಆ ಪಾವನ್ನು ಕೈಗೆತ್ತಿಕೊಂಡವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞನು. 1742ರಲ್ಲಿ ಪ್ರಕಟವಾದ ಅವನ ಗ್ರಂಥವನ್ನು ಮಹಾಗಣಿತಜ್ಞನಾದ ಆಯ್ಲರನು ಜರ್ಮನ್ ಭಾಷೆಗೆ ಪರಿವರ್ತಿಸಿ ವ್ಯಾಖ್ಯಾನ ಬರೆದನು. ರಾಬಿನ್ಸನು ತೂಗುಯ್ಯಾಲೆಯಂತೆ ಒಂದು ಭಾರವಾದ ಹಲಗೆಯನ್ನು ನೇತುಹಾಕಿ, ಅದಕ್ಕೆ ಗುಂಡು ಹೊಡೆದು, ಅದು ಎಷ್ಟು ದೂರ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕಿದನು. ಅವನು ಕಂಡುಕೊಂಡುದು ಆಶ್ಚರ್ಯಕರವಾಗಿತ್ತು. ಮದ್ದನ್ನು ಇಮ್ಮಡಿಸಿದರೆ ವೇಗವು ಇಮ್ಮಡಿಯಾಗುವುದಿಲ್ಲ. ಹೆಚ್ಚಿದ ಅಲ್ಪವೇಗವನ್ನೂ ಗಾಳಿಯು ನುಂಗಿಬಿಡುವುದು. ಸೆಕೆಂಡಿಗೆ ಸುಮಾರು 1,670 ಅಡಿ ವೇಗದಿಂದ ಹೋಗುವ ಸಣ್ಣ ಕೋವಿಗುಂಡಿಗೆ ಗಾಳಿಯು ಒಡ್ಡುವ ತಡೆಯು ಆ ಗುಂಡಿನ ತೂಕದ 120ರಷ್ಟೆಂದು ಅವನು ತೋರಿಸಿದನು. ಅದುವರೆಗೆ ಗಾಳಿಯನ್ನು ಇಲ್ಲವೆಂದೇ ಎಣಿಸುತ್ತಿದ್ದ ಪಂಡಿತರಿಗೆ ಇದು ನುಂಗಲಾರದ ತುತ್ತಾಯಿತು.

ಇದರಿಂದ ಫಲಿಸಿದ ತತ್ತ್ವವು ಇಷ್ಟು: ದೊಡ್ಡ ಬಾರೇ ದೊಡ್ಡ ಬಲವೆಂಬುದು ಭ್ರಮೆ. ಭಾರವಾದ ಗುಂಡಿಗೆ ಮಿತವಾದ ಮದ್ದನ್ನಿಟ್ಟು ಹತ್ತಿರದಿಂದ ಹೊಡೆದರೆ ಮದ್ದೂ ಉಳಿಯುವುದು, ಕಬ್ಬಿಣವೂ ಉಳಿಯುವುದು. ಈ ರಾಬಿನ್ಸನು 1750ರಲ್ಲಿ ಕುಂಪಣಿಯ ಮುಖ್ಯ ಎಂಜಿನಿಯರನಾಗಿ ನಮ್ಮ ದಕ್ಷಿಣದೇಶಕ್ಕೇ ಬಂದನು. ಮದರಾಸು ಕಡಲೂರುಗಳ ಕೋಟೆಗಳನ್ನು ಬಲಪಡಿಸುವ ಕಾರ್ಯದಲ್ಲಿ ತೊಡಗಿದ್ದಾಗ ಜ್ವರಪೀಡಿತನಾಗಿ 1751ರ ಜುಲೈಯಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ತನ್ನ ತತ್ತ್ವವು ಕಬ್ಬಿಣದ ರೂಪವನ್ನು ತಾಳಿದುದನ್ನು ನೋಡಲು ಅವನು ಬದುಕಿರಲಿಲ್ಲ. 1779ರ ಸುಮಾರಿಗೆ ಸ್ಕಾಟ್ಲೆಂಡಿನ ಕ್ಯಾರನ್ ಎಂಬಲ್ಲಿ ಎರಕವಾದ ಕ್ಯಾರನೇಡ್ ಎಂಬ ಗಿಡ್ಡ ಫಿರಂಗಿಯು ಇಂಗ್ಲಿಷ್ ಹಡಗುಗಳನ್ನು ಏರಿತು. ಉದ್ದನೆಯ ಫಿರಂಗಿಗೆ ಗುಂಡಿನ ತೂಕದ ಮೂರರಲ್ಲೊಂದು ಪಾಲು ಮದ್ದು ಬೇಕಾಗಿದ್ದರೆ ಇದಕ್ಕೆ ಸುಮಾರು ಹನ್ನೆರಡರಲ್ಲೊಂದು ಪಾಲು ಸಾಕಾಗಿತ್ತು. 1782ರಲ್ಲಿ ರೇನ್‌ಬೋ ಎಂಬ ಹಡಗು ಈ ಗಿಡ್ಡ ಫಿರಂಗಿಗಳಿಂದಲೇ ಫ್ರೆಂಚರ ಹೊಸ ಹಡಗೊಂದನ್ನು ಅನಾಯಾಸವಾಗಿ ಹಿಡಿಯಿತು.

ಮಿತಕ್ಕೂ ಒಂದು ಮಿತಿಯುಂಟು. 1814ರ ಮಾರ್ಚ್ 28ರಂದು ಚಿಲಿ ದೇಶದ ವಾಲ್ಪರೈಸೋ ರೇವಿನ ಬಳಿ ಅಮೆರಿಕದ ಎಸೆಕ್ಸ್ ಎಂಬ ಹಡಗು ಇಂಗ್ಲಿಷರಿಗೆ ಸಿಕ್ಕಿಬಿದ್ದಿತು. ಅದರಲ್ಲಿದ್ದ 46 ಫಿರಂಗಿಗಳಲ್ಲಿ 40 ಈ ಗಿಡ್ಡಜಾತಿಯವು. ಶತ್ರುವು ದೂರದಲ್ಲಿಯೇ ನಿಂತು ಉದ್ದನೆಯ ಫಿರಂಗಿಗಳಿಂದ ಹೊಡೆಯುತ್ತಿದ್ದರೆ ಎಸೆಕ್ಸಿನ ಬಹುಪಾಲು ಗುಂಡುಗಳು ಅಲ್ಲಿಗೆ ತಲಪಲೇ ಇಲ್ಲ. ಮಿತದ ಬಾರು ಸಮೀಪದ ಕಾರ್ಯಕ್ಕೆ. ದೂರದ ಕಾರ್ಯಕ್ಕೆ ಅದನ್ನು ನಂಬಿದವನು ಕೆಟ್ಟನು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯೊಡನೆ, ಹಾಸಿಗೆಯು ಎಷ್ಟಿದೆ ಎಂಬುದನ್ನು ಎದುರಾಳಿಗೆ ತಿಳಿಯಗೊಡಬಾರದೆಂಬುದನ್ನೂ ಸೇರಿಸಿಕೊಳ್ಳಬೇಕು.

ಮುಂದೆ ಲೋಹದ ತೋಟಾಗಳು ಬಂದುವು. ಮದ್ದು, ಗುಂಡು, ಕಿಡಿಹಚ್ಚುವ ಕೇಪು ಎಲ್ಲವೂ ಒಂದೇ ಕೊಳವೆಯಲ್ಲಿ ಅಡಕವಾದುದರಿಂದ ಬಾರನ್ನು ಅಳೆಯುವ ಕೆಲಸವು ಸೈನಿಕನ ಕೈಯಿಂದ ಕಾರಖಾನೆಗೆ ಹೋಯಿತು. ಆದರೂ ಕೈಬಾರಿನ ಅಭ್ಯಾಸವು ಅಳಿಯಲಿಲ್ಲ. 1880ರ ದಶಕದಲ್ಲಿ ಅಮೆರಿಕದ ಸೇನೆಯಲ್ಲಿ ಗುರಿಯ ಅಭ್ಯಾಸವು ಹೆಚ್ಚಿದಾಗ, ಖಾಲಿ ತೋಟಾಗಳನ್ನು ಕೂಡಿಟ್ಟು ಮತ್ತೆ ತುಂಬುವ ಉಪಕರಣಗಳನ್ನು ದಳಗಳಿಗೆ ಕೊಡುತ್ತಿದ್ದರು; ಒಳಾಂಗಣದ ಅಭ್ಯಾಸಕ್ಕೆ ಬಹಳ ಕಡಿಮೆ ಮದ್ದಿನ ಬಾರುಗಳನ್ನು ಬಳಸುತ್ತಿದ್ದರು. ಅಲ್ಲಿ ಕಲಿಯಬೇಕಾದುದು ಕಣ್ಣಿನ ನೇರ, ಕೈಯ ಸ್ಥೈರ್ಯ. ಅದಕ್ಕೆ ಪೂರ್ಣಬಲದ ಬಾರು ಬೇಕಾಗಿರಲಿಲ್ಲ. ಹೊಗೆಯಿಲ್ಲದ ಮದ್ದು 1884ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಮೇಲೆ ಪೆಟ್ಲುಪ್ಪಿನ ಸ್ಥಾನವನ್ನು ಹತ್ತಿಯಿಂದಾಗುವ ರಾಸಾಯನಿಕವಸ್ತುವು ಆಕ್ರಮಿಸಿತು. ಬರದ ವೇಷ ಬದಲಾಯಿತು, ಬರ ಹೋಗಲಿಲ್ಲ. 1917ರಲ್ಲಿ ಇಂಗ್ಲೆಂಡಿನ ಶಾಲಾಬಾಲಕರು ಮದ್ದಿನ ತಯಾರಿಕೆಗೆ ಬೇಕಾದ ದ್ರಾವಕಕ್ಕಾಗಿ ಕಾಡುಕಾಯಿಗಳನ್ನು ಆರಿಸಿ ಮೂಟೆಕಟ್ಟಿ ಕಳುಹಿಸಿದರು. 2022ರಲ್ಲಿ ಯುಕ್ರೇನಿನ ಯುದ್ಧವು ವಿಸ್ತರಿಸಿದ ಮೇಲೆ ಯೂರೋಪಿನ ಕಾರಖಾನೆಗಳಿಗೆ ಅದೇ ಹತ್ತಿಯ ವಸ್ತುವಿನ ಕೊರತೆ ತಲೆದೋರಿತು.

ಈ ವೃತ್ತಾಂತದಿಂದ ನಾವು ತಿಳಿಯುವುದೇನು? ಸಮೃದ್ಧಿಯ ಕಾಲದಲ್ಲಿ ಜನರು ಬಲವನ್ನು ಪೀಪಾಯಿಗಳಿಂದ ಎಣಿಸುವರು. ಬರವು ಬಂದಾಗಲೇ ಬಲವಿರುವುದು ಅಳತೆಯಲ್ಲಿ, ತಾಳ್ಮೆಯಲ್ಲಿ, ಗುರಿಯಲ್ಲಿ ಎಂದು ಅರಿಯುವರು. ಬಂಕರ್ ಗುಡ್ಡದ ಕಮ್ಮಾರನಿಗೆ ಇದನ್ನು ಕಲಿಸಿದುದು ಬರಿದಾದ ಕೊಂಬು; ರಾಬಿನ್ಸನಿಗೆ ಕಲಿಸಿದುದು ತೂಗುವ ಹಲಗೆ. ಮತ್ತೊಂದನ್ನೂ ನೆನೆಯಬೇಕು. ಯಾವ ರಾಜ್ಯದ ಮದ್ದಿನ ಮನೆಯಲ್ಲಿಯೂ ಒಂದು ಹಿಡಿ ಮದ್ದು ತಾನಾಗಿ ಬಂದು ಬೀಳಲಿಲ್ಲ. ಅದರ ಹಿಂದೆ ಕೊಟ್ಟಿಗೆಯ ನೆಲವನ್ನು ಅಗೆಯಗೊಟ್ಟ ಒಕ್ಕಲಿಗನಿದ್ದನು, ಗ್ರೆನೆಲ್ಲಿನ ಕೂಲಿಯಿದ್ದನು, ಚಳಿಗಾಲದ ಬೆಳಗಿನಲ್ಲಿ ಮಣ್ಣು ಕೆರೆಯುವ ನೋನಿಯಾ ಹೆಂಗಸಿದ್ದಳು. ಅರಸರು ಆ ಮದ್ದನ್ನು ವಿನೋದಕ್ಕೆ ಸುಡುವಾಗ ಈ ಲೆಕ್ಕವನ್ನು ಕೇಳುವವರಿರಲಿಲ್ಲ. ಮುವ್ವತ್ತಾರು ಪೀಪಾಯಿಗಳ ಸುದ್ದಿಯನ್ನು ಕೇಳಿ ಅರ್ಧ ಗಂಟೆ ಸುಮ್ಮನೆ ಕುಳಿತ ಸೇನಾಪತಿಯು ಮಾತ್ರ ಒಂದೊಂದು ಹಿಡಿಯ ಬೆಲೆಯನ್ನೂ ಬಲ್ಲವನಾದನು.